ಅರ್ಧ ಸ್ವರ ಕೆಳಗೆ

ಊರಿನ ಹೆಸರು ಹಲ್.
ನಮ್ಮ ಕಿವಿಗೆ, ಹಲ್ಲು ಎನ್ನಹೋಗಿ
ಅರ್ಧಕ್ಕೇ ನಿಂತ ಹಾಗೆ.
ಸುಳ್ಳೇನಲ್ಲ. ಬಾಂಬು ಬಿದ್ದ ಬೀದಿಗಳಲ್ಲಿ
ಮನೆ, ಮನೆ, ಸಂದು, ಮನೆ.
ಸಂದಿನಲ್ಲಿ ನೇರಳೆ ಬಣ್ಣದ ಕಾಡುಹೂ,
ಮಹಡಿ ಬಿದ್ದುಹೋದ ಗೋಡೆಯ ಎತ್ತರದಲ್ಲಿ
ಉಳಿದುಕೊಂಡ ಒಂದು ಒಲೆಗೂಡು;
ಮಕ್ಕಳು ಕೆಳಗಿಂದ ಗುರಿಯಿಟ್ಟು
ಕಲ್ಲು ತೂರುತ್ತಾರೆ ಅದರೊಳಕ್ಕೆ.

ಸಾವಿರದ ಒಂಬೈನೂರ ನಲವತ್ತಾರು.
ಯುದ್ಧ ಮುಗಿದ ಮೇಲಿನ ಮೊದಲ ಪೂರ್ತಿ ವರ್ಷ.
ಗೆದ್ದವರ ಮನೆಯಲ್ಲೂ ಬೆಣ್ಣೆಗೆ ಚೀಟಿ,
ಸೋಪಿಗೆ ಚೀಟಿ, ಜುಲೈಯಿಂದ ಬ್ರೆಡ್ಡಿಗೂ ಚೀಟಿ.
ಹಾಡಿಗೊಂದು ಚೀಟಿ ಬೇಡ, ಎಂದ
ಸಂಗೀತದಂಗಡಿಯ ಮುದುಕ ಬೀಲ್ಬಿ;
ಹೊಸ ಪ್ಲೇಟು ಕೇಳಿದವರಿಗೆ ಮಾತ್ರ
ಹಳೆಯದೆರಡು ತನ್ನಿ ಎನ್ನುತ್ತಿದ್ದ.

ಅರಗು ಇಲ್ಲ, ಸ್ವಾಮಿ.
ಎಲ್ಲಿಯದೋ ಕಾಡಿನ ಕೊಂಬೆಯಲ್ಲಿ ಹುಳು ಕಟ್ಟಿದ್ದು
ಹಡಗೇರಿ ಬರಬೇಕು.
ನಲವತ್ತೊಂದರ ಮೇ ತಿಂಗಳಲ್ಲಿ
ಅವನ ಗೋದಾಮು ಹತ್ತಿಕೊಂಡಾಗ
ಸಾವಿರ ಪ್ಲೇಟು ಹಾಡು ಒಟ್ಟಿಗೇ ಕರಗಿ
ಮೆಟ್ಟಿಲಿಳಿದು ಚರಂಡಿಗೆ ಹರಿದಿತ್ತು.
ಆ ಅರಗಿನ ಮನೆಗೆ
ಯಾರೂ ಸುರಂಗ ತೋಡಿರಲಿಲ್ಲ.
ಉಳಿದದ್ದು ತೊಗಲಿನ ಒಂದು ಚೀಲ:
ತಿರುಗುಣಿ, ಶ್ರುತಿಕವೆ, ಉಣ್ಣೆಯ ಪಟ್ಟಿ.

ಅದು ಹಿಲ್ಡಾ ಸ್ಟಾಥರ್ಸಳ ಹೆಗಲಿಗೆ ಬಂತು.
ಗಂಡಸರು ದಂಡಿಗೆ ಹೋಗಿದ್ದರು.
ಬೆಸ್ತರ ಹುಡುಗಿ, ಆಗ ಇಪ್ಪತ್ತೆರಡು,
ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಐದು ವರ್ಷ
ಊರಿನ ಪಿಯಾನೋಗಳ ಹೊಟ್ಟೆ ಬಿಚ್ಚಿದಳು.
ಕಿಟಕಿಯ ಗಾಜು, ಗಾರೆಯ ಪುಡಿ,
ಒಮ್ಮೆ ಯಾರದೋ ಕಿವಿಯೋಲೆ,
ಒಮ್ಮೆ ಏಳು ಇಲಿಮರಿ, ಕಣ್ಣು ಬಿಡದವು.

ತಂತಿಯದೇ ಕಷ್ಟ. ಉಕ್ಕೆಲ್ಲ ಬೇರೆ ಕೆಲಸಕ್ಕೆ ಹೋಗಿತ್ತು.
ತೇವ ಕುಡಿದು ಜೋತ ಹಳೆಯದನ್ನು
ಸರಿಯಾದ ಎತ್ತರಕ್ಕೆ ಬಿಗಿದರೆ, ಪಟ್!
(ಎಡಗೆನ್ನೆಯ ಗೆರೆ ಅದರದೇ.)
ಅದಕ್ಕೇ ಹಿಲ್ಡಾ, ಯಾರಿಗೂ ಹೇಳದೆ,
ಮನೆ, ಶಾಲೆ, ಚಾಪೆಲ್ಲು, ಪಬ್ಬು
ಎಲ್ಲವನ್ನೂ ಒಂದೊಂದಾಗಿ
ಅರ್ಧ ಸ್ವರ ಕೆಳಗಿಳಿಸಿದಳು.
ಎಲ್ಲರೂ ಕೂಡಿ ತಗ್ಗಿದರೆ
ತಗ್ಗು ಗೊತ್ತಾಗುವುದಿಲ್ಲ.
ಜನ ಹಾಡಿದರು. ಗಂಟಲಿಗೂ ಹಿತವಾಗಿತ್ತು.

ಅಕ್ಟೋಬರಿನಲ್ಲಿ ಬಂದ ಕ್ಲಿಫರ್ಡ್ ಆಂಬ್ಲರ್,
ಬರ್ಮಾದಿಂದ, ಸರ್ಕಾರ ಹೊಲಿಸಿಕೊಟ್ಟ ಸೂಟಿನಲ್ಲಿ,
ತೋಳು ಎರಡಿಂಚು ಉದ್ದ.
ಚೀಲ ಅವನದು. ಕಾನೂನೂ ಹಾಗೇ ಹೇಳುತ್ತಿತ್ತು.
ಹಿಲ್ಡಾ ತೊಗಲಿಗೆ ಎಣ್ಣೆ ತಿಕ್ಕಿ ಕೊಟ್ಟಳು,
ಮರುದಿನ ಧಕ್ಕೆಗೆ ಹೋದಳು, ಮೀನು ಸೀಳಲು.

ಹದಿಮೂರನೆಯ ರಾತ್ರಿ ಹಿತ್ತಿಲ ಬಾಗಿಲಲ್ಲಿ ಅವನು.
ಒದ್ದೆ ಟೋಪಿ ಕೈಯಲ್ಲಿ ಸುತ್ತುತ್ತಿದೆ.
'ಫಿರಂಗಿಯ ಪಕ್ಕ ಎರಡು ವರ್ಷ ನಿಂತಿದ್ದೆ.
ಬಲತುದಿಯ ಹದಿನೆಂಟು ಮನೆ
ಬರೀ ಮರದ ಟಕಟಕ ನನಗೆ.
ಬೀಲ್ಬಿಗೆ ಹೇಳಬೇಡ.'
ಸ್ವಲ್ಪ ಸುಮ್ಮನಿದ್ದು, 'ಇನ್ನೊಂದು,
ಉಳಿದದ್ದೆಲ್ಲ ತಗ್ಗಿ ಕೇಳುತ್ತಿದೆ.
ಊರಿಗೆ ಊರೇ. ಅದೂ ನನ್ನ ಕಿವಿಯೇ?'

ಇಲ್ಲಿ ಸುಳ್ಳು ಹೇಳಬಹುದಿತ್ತು ಹಿಲ್ಡಾ.
ಹೌದು ಎಂದರೆ ಸಾಕು,
ಚೀಲ ತಾನಾಗಿ ಮರಳುತ್ತಿತ್ತು.
ಉಗುರಿನ ಸಂದಿನ ಮೀನುಪೊರೆ ಕೆರೆಯುತ್ತ
ದೀಪದ ಕಡೆ ನೋಡಿದಳು.

'ಅಲ್ಲ,' ಎಂದಳು. 'ಅದು ನಾನು.'

ಆಮೇಲೆ ಕೆಲಸ ಕತ್ತಲಾದ ಮೇಲೆ.
ಎಡಕ್ಕೆ ಅವನು, ಬಲಕ್ಕೆ ಅವಳು,
ರಸೀದಿ ಅವನ ಹೆಸರಿಗೆ,
ಕಾಸು ಚಹಾದ ಡಬ್ಬಿಯಲ್ಲಿ ಸಮಪಾಲು.
ಊರು ಮಾತಾಡಿಕೊಂಡಿತು; ಊರಿನ ಕೆಲಸವೇ ಅದು.

ಡಿಸೆಂಬರ್. ಹಿಮ.
ಲಂಡನ್ನಿನಿಂದ ರೇಡಿಯೋದಲ್ಲಿ ದೊಡ್ಡ ಮೇಳ.
ಜೊತೆಗೆ ನುಡಿಸಹೋದ ಮಿಸೆಸ್ ಗಾರ್ಬಟ್
ಎರಡು ಸಾಲಿಗೇ ಮುಚ್ಚಳ ಹಾಕಿ
ಕೋಟು ತೊಟ್ಟು ಅಂಗಡಿಗೇ ಬಂದಳು:

'ನೋಡಿ, ಲಂಡನ್ನಿನವರು ತೀರಾ ಮೇಲೆ ಹೋಗಿಬಿಟ್ಟಿದ್ದಾರೆ.
ಆ ಹುಡುಗಿಯನ್ನು ಕಳಿಸಬಾರದೆ ಒಮ್ಮೆ,
ಇಳಿಸಿ ಬರಲಿ.'