ಎರಡು ಕೆಸರು

ಮಾರುವವನ ಮಾತು ನಂಬಬೇಡಿ ಎಂದು
ಮಾರುವ ನಾನೇ ಹೇಳುತ್ತೇನೆ, ಆಮೇಲೆ ಮಾರುತ್ತೇನೆ.
ನ್ಯೂಫೌಂಡ್‌ಲ್ಯಾಂಡಿನಲ್ಲಿ ಇದು ನಡೆಯುತ್ತದೆ,
ಇಲ್ಲಿ ಎಲ್ಲರ ದೋಣಿಯ ಬೆಲೆ ಎಲ್ಲರಿಗೂ ಗೊತ್ತು.

ಅಕ್ಟೋಬರಿನ ಶನಿವಾರ, ಗಾಳಿ ಅಡ್ಡಡ್ಡ ಬೀಸುವಾಗ
ಎಲ್ಡ್ರೆಡ್ ಪೆಲ್ಲಿ ಬಂದ, ಹಿಂದೆ ವರ್ನಾ.
ಅಂಗಡಿಯ ಮುಂದೆ ಎರಡೇ ಎಟಿವಿ ಉಳಿದಿದ್ದವು,
ಒಂದು ಹಸಿರು, ಒಂದು ಕೆಂಪು.

ಹಸಿರಿನದು ದುಡಿಯುವ ಜಾತಿ.
ಹಿಂದಿನ ಆಕ್ಸಲ್ ಒಂದೇ ಕಬ್ಬಿಣದ ತೊಲೆ,
ಎಷ್ಟು ಹೇರಿದರೂ ಸೊಂಟ ಕುಸಿಯದು.
ಮೂತಿಯಲ್ಲಿ ವಿಂಚ್, ಮುಂದೊಂದು ಹಿಂದೊಂದು ರ‍್ಯಾಕ್.
ಕೆಂಪಿನದಕ್ಕೆ ಪ್ರತಿ ಗಾಲಿಗೂ ಅದರದೇ ಮೊಣಕಾಲು;
ಕಲ್ಲು ಹತ್ತಿದರೆ ಆ ಕಾಲಷ್ಟೇ ಮಡಚುತ್ತದೆ,
ಉಳಿದ ಮೂರಕ್ಕೆ ಸುದ್ದಿಯೇ ಹೋಗುವುದಿಲ್ಲ.
ಹಿಂದೆ ಇನ್ನೊಬ್ಬರಿಗೆ ಸೀಟು, ಒರಗಲು ದಿಂಬು.
ಆದರೆ ಟ್ರೇಲರ್ ಕಟ್ಟಿದರೆ ಹಿಂಬದಿ ಕೂರುತ್ತದೆ,
ಬಾಗಿಲು ತೆರೆಯಲೆಂದು ಕಾದ ಬೆಕ್ಕಿನ ಹಾಗೆ.

“ಹಸಿರು,” ಅಂದ ಎಲ್ಡ್ರೆಡ್, ಬೆಲೆ ಕೇಳುವ ಮೊದಲೇ.
ಜವುಗಿನಾಚೆ ಕಟ್ಟಿಗೆ ಕಡಿಯಲು ಪರ್ಮಿಟ್ಟಿದೆ,
ಮನೆಗೆ ಹನ್ನೆರಡು ಲೋಡು ಬರ್ಚ್, ಅಕ್ಕನ ಮನೆಗೆ ಆರು.
ಮೂಸ್ ಹೊಡೆದರೆ ಅದರ ಒಂದು ತೊಡೆಯೇ
ಇಬ್ಬರು ಹೊರುವಷ್ಟು.
“ಕೆಲಸಕ್ಕೆ ಕೊಳ್ಳೋದು, ಮೆರವಣಿಗೆಗಲ್ಲ.”

ವರ್ನಾ ಕೆಂಪಿನ ಸೀಟಿನ ಮೇಲೆ ಕೈಚೀಲ ಇಟ್ಟಳು.
ಅಷ್ಟೆ.

ಅವಳಪ್ಪ ರೈಲು ಹಳಿ ಕಾಯುತ್ತಿದ್ದವನು.
ರೈಲು ನಿಂತಿತು, ಹಳಿ ಕಿತ್ತರು, ಈಗ ಆ ದಾರಿ
ಸ್ಪ್ರೂಸ್ ಮರಗಳ ನಡುವೆ, ಕೊಳಗಳ ಮಗ್ಗುಲಲ್ಲಿ
ಬರೀ ಜಲ್ಲಿಯ ಉದ್ದ ಗೆರೆ.
ಅಪ್ಪ ದಿನಾ ನಡೆದ ಹದಿನಾಲ್ಕು ಮೈಲಿಯನ್ನು
ಒಮ್ಮೆ ಕೂತು ನೋಡಬೇಕೆಂದು ಅವಳ ಆಸೆ.
ನನಗಿದನ್ನು ಹೇಳಿದ್ದು ಅವಳಲ್ಲ,
ಅವಳ ತಂಗಿ, ಪೋಸ್ಟಾಫೀಸಿನ ಸಾಲಿನಲ್ಲಿ.

ಎರಡು ದೋಣಿಯಲ್ಲಿ ಕಾಲಿಡಬಾರದು ಅನ್ನುತ್ತಾರೆ.
ಎರಡರಲ್ಲೂ ಕಾಲಿಟ್ಟು ಬಲೆ ಎಳೆದವರನ್ನು
ಈ ಕೊಲ್ಲಿಯಲ್ಲೇ ನೋಡಿದ್ದೇನೆ.
ಬಿದ್ದವರನ್ನೂ.

“ಓಡಿಸಿ ನೋಡಿ,” ಅಂದೆ.
ಹಸಿರಿನದನ್ನೇರಿ ಹಿತ್ತಲ ಕಲ್ಲುಹಾದಿಯಲ್ಲಿ ಒಂದು ಸುತ್ತು ಹೋದ.
ಬಂದು ಇಳಿಯುವಾಗ ಎಡಗೈ
ರ‍್ಯಾಕಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು,
ಉಸಿರು ಒಳಗೇ ಸಿಕ್ಕಿಕೊಂಡಿತು.
ನಾನು ಬೇರೆಡೆ ನೋಡಿದೆ. ಗಂಡಸರು ಹೀಗೆ ಇಳಿಯುವುದನ್ನು
ನೋಡದಿರುವುದೂ ಈ ವ್ಯಾಪಾರದಲ್ಲಿ ಕಲಿತದ್ದು.
ಅವಳು ನೋಡಿದಳು.

“ಕಟ್ಟಿಗೆ ಎರಡು ಸಲ ತರಬಹುದು,” ಅಂದಳು,
“ಇನ್ನೊಂದು ಬೆನ್ನು ಎಲ್ಲಿಂದ ತರ್ತೀಯ?”

ಸಾಕ್ಷಿ ಕೇಳುವವನ ಹಾಗೆ ನನ್ನತ್ತ ತಿರುಗಿದ.
ಟೈರು ಒದ್ದ. ಕೆಂಪಿನ ಟೈರು, ಗಮನಿಸಿ.
ಒಂಬೈನೂರು ಡಾಲರ್ ಜಾಸ್ತಿ ಅಂದ,
ಇದಕ್ಕೂ ವಿಂಚ್ ಹಾಕಿಕೊಡು ಅಂದ, ಬಿಟ್ಟಿ.
ಅರ್ಧ ಬೆಲೆಗೆ ಬಂದು ನಿಂತೆವು.

ಮೊದಲ ಸರ್ವಿಸಿಗೆ ತಂದದ್ದು ನವೆಂಬರಿನ ಕೊನೆಗೆ.
ಒಡೆಯರು ಏನಾದರೂ ಹೇಳಲಿ, ನಾನು ಕೆಸರನ್ನು ಕೇಳುತ್ತೇನೆ.
ನೀರು ಬಿಟ್ಟೆ: ಮೊದಲು ಇಳಿದದ್ದು ಬೂದು,
ರೈಲುದಾರಿಯ ಜಲ್ಲಿಪುಡಿ.
ಅದರಡಿ ಜವುಗಿನ ಕಪ್ಪು, ಬರ್ಚ್ ತೊಗಟೆ ಮೆತ್ತಿಕೊಂಡು.
ಅದರಡಿ ಮತ್ತೆ ಬೂದು.
ಹಿಂದಿನ ಸ್ಪ್ರಿಂಗು ಕೊನೆಯ ಗುರುತಿನವರೆಗೂ ಬಿಗಿದಿತ್ತು,
ಅದು ಅವನ ಕೈ.
ಹಿಂದಿನ ಸೀಟಿನ ಹೊಲಿಗೆಯಲ್ಲಿ ಕಾಡುಹಣ್ಣಿನ ಕೆಂಪು ಕಲೆ.

ಬಲಗಾಲಿ ಪಂಕ್ಚರ್.
ಇಕ್ಕಳ ಹಾಕಿ ಎಳೆದರೆ ಬಂತು,
ಚೌಕದ ದಪ್ಪ ಮೊಳೆ, ಅರ್ಧ ಮುರಿದದ್ದು, ತುಕ್ಕು ತಿಂದದ್ದು.
“ಎಸೀಬೇಡ,” ಅಂದಳು ವರ್ನಾ, “ಅಪ್ಪ ಹೊಡೆದದ್ದಿರಬಹುದು.”
“ನಿಮ್ಮಪ್ಪ ಹೊಡೆದದ್ದು ಹೀಗೆ ಎದ್ದು ಬರ್ತಿರಲಿಲ್ಲ,”
ಅಂದ ಎಲ್ಡ್ರೆಡ್. ಅಂದು,
ಸುತ್ತಿಕೊಳ್ಳಲು ತನ್ನ ಕರವಸ್ತ್ರ ಕೊಟ್ಟ.

ಪಂಕ್ಚರಿಗೆ ಇಪ್ಪತ್ತು ಡಾಲರ್ ತೆಗೆದುಕೊಂಡೆ.
ಮೊಳೆಗೆ ಏನೂ ಇಲ್ಲ.
ಹಸಿರಿನದು ಇನ್ನೂ ಅಂಗಡಿಯ ಮುಂದೆಯೇ ಇದೆ,
ಮೇಲೆ ಹಿಮ ಬೀಳುತ್ತಿದೆ.
ಒಳ್ಳೆಯ ಗಾಡಿ.
ಬೆನ್ನು ಗಟ್ಟಿ ಇರುವವರು ಯಾರಾದರೂ ಇದ್ದರೆ ಹೇಳಿ.