ಸಾವಧಾನ

ಚಾರ್ಜರಿನ ಡಬ್ಬಿಯೊಳಗಿನ ಹಾಳಿ ಮರಾಠಿಯೊಳಗದ.
ದುಧನಿ ಸಾಲ್ಯಾಗ ಏಳನೇ ಇಯತ್ತೆ ತನಕ ಕಲ್ತಾಕಿ ನಾ,
ನಾ ಓದಬೇಕು, ಅತ್ತಿಗೆ ಕನ್ನಡದಾಗ ಹೇಳಬೇಕು.
ಮೊದಲನೇ ಶಬ್ದ, ದಪ್ಪ ಅಕ್ಷರ: ಸಾವಧಾನ.
ಅಂದ್ರ ಎಚ್ಚರ, ಅಂದೆ.
ಅತ್ತಿ ನಕ್ಕಳು:
ನಮ್ಮಾಗ ಸಾವಧಾನ ಅಂದ್ರ ಗಡಬಡ ಬ್ಯಾಡ ಅಂತ,
ಬಿಸಿ ಚಾ ಬಸಿಗೆ ಬಾಯಿ ಹಾಕೋ ಕೂಸಿಗೆ ಹೇಳ್ತೀವಲ್ಲ, ಹಾಂಗ.

ಎರಡೂ ಬೇಕು ಈ ಬ್ಯಾಟರಿಗೆ.

ನಸಿಕಿನ್ಯಾಗ ಟಂಟಂ ಚಾಲೂ ಆಗ್ಲಿಲ್ಲ.
ಕೀಲಿ ತಿರುವಿದ್ರ ಕಟಕಟ,
ಆಮ್ಯಾಲ ಮುದುಕನ ಕೆಮ್ಮು,
ಆಮ್ಯಾಲ ಅದೂ ಇಲ್ಲ.
ಹಾಲಿನ ಕ್ಯಾನು ಆರು, ದೂಡೋ ಮಂದಿ ನಾಕು,
ಮೈಂದರ್ಗಿ ಅಗಸಿ ದಾಟೂದ್ರಾಗ ಹಾಲು ಒಡದಿತ್ತು.
ದಸ್ತಗೀರ ಹೇಳಿ ಕಳಿಸಿದ:
ಮನ್ಯಾಗ ರಾತ್ರಿಪೂರ್ತಿ ಹಚ್ಚಿಡ್ರಿ, ಮೆಲ್ಲಗ ತುಂಬಲಿ,
ಉಪವಾಸ ಬಿದ್ದವಗ ಒಮ್ಮೆಲೆ ಹೋಳಿಗಿ ಉಣಿಸಬಾರದು.

ಹೋದ ವರ್ಷ ನಮ್ಮವರು ಅವಸರ ಮಾಡಿದ್ರು.
ಪಾನಾ ಬ್ಯಾಟರಿಗೆ ತಾಗಿ, ಉಂಗುರ ಪಾನಾಕ್ಕ ತಾಗಿ
ಫಟ್ ಅಂತು.
ಈಗ ಆ ಬಳ್ಳಾಗ ಉಂಗುರಿಲ್ಲ,
ಉಂಗುರದಂಥಾ ಕಲಿ ಅದ.
ಯಾವ ಸೋನಾರನೂ ಅದನ್ನ ಕರಗಿಸೂದಿಲ್ಲ.

ಎರಡನೇ ಸಾಲು: ಬೀಡಿ, ದೀಪ, ಒಲಿ ಹತ್ತಿರ ಬ್ಯಾಡ.
ತುಂಬೂವಾಗ ಅದು ಉಸಿರು ಬಿಡ್ತದ,
ಆ ಉಸಿರಿಗೆ ಬಣ್ಣಿಲ್ಲ, ವಾಸನಿಲ್ಲ,
ಕಿಡಿ ಕಂಡ್ರ ಮಾತ್ರ ಸಿಟ್ಟು.
ಅದಕ್ಕ ಪಡಸಾಲಿ ಬಿಟ್ಟು ಹೊರಗ,
ಕಟ್ಟಿ ಮ್ಯಾಲ ಹಲಗಿ ಹಾಕಿ ಇಟ್ಟೀವಿ.
ಬಾಜೂಕ ಒಂದು ಕೊಡ ನೀರು, ಒಂದು ವಾಟಿ ಅಡಗಿ ಸೋಡಾ.
ಬೀಡಿ ಸೇದಲಿಕ್ಕೆ ನಮ್ಮವರು ಅಗಸಿ ತನಕ ಹೋಗ್ಯಾರ,
ಎರಡು ತಾಸಾತು, ಪತ್ತೆ ಇಲ್ಲ.

ಮೂರನೇ ಸಾಲು ಓದಿ ಸುಮ್ಮನಾದೆ.
ಏನದ? ಅಂದಳು ಅತ್ತಿ.
ಕೈಯಾಗಿನ ಲೋಹದ್ದೆಲ್ಲಾ ತೆಗೀಬೇಕಂತ.
ಪಾಟ್ಲಿ, ಬಿಲ್ವಾರ, ಕೊಳ್ಳಾಗ ಜೋತು ಬೀಳೋದು.

ದೀಪ ಹಚ್ಚೋ ಹೊತ್ತು.
ಮುತ್ತೈದಿ ಕೈ ಬರಿದು ಮಾಡೂದಂದ್ರ
ಈ ಓಣ್ಯಾಗ ಅದಕ್ಕ ಬ್ಯಾರೆ ಅರ್ಥ ಅದ.
ಪಾಟ್ಲಿ ಬಳ್ಳಿನ ಗಂಟಿನ ತನಕ ಸರಿಸಿದೆ.
ನಿಂತೆ.

ಅತ್ತಿ ಸೆರಗು ಬಿಗಿದು ಕೈ ಮುಂದ ಚಾಚಿದಳು.
ಎಂಟು ವರ್ಷದ ಹಿಂದ, ಹೆಂಗಸರು ಸುತ್ತುಗಟ್ಟಿ
ಹಾಸುಗಲ್ಲಿಗೆ ಬಡಿದು ಬಳಿ ಒಡೆದ ಕೈ.
ಆವತ್ತಿನಿಂದ ಯಾರ ಉಡಿ ತುಂಬಿಲ್ಲ,
ಯಾರ ಹಂದರಗಂಬಕ್ಕೂ ಅರಿಶಿಣ ಹಚ್ಚಿಲ್ಲ.
ಲಗ್ನಪತ್ರ ಬಂದ್ರ ಬಾಗಲ ಮರಿಗೆ ನಿಂತು ಓದಿಸಿ ಕೇಳಿ
ಒಳಗ ಹೋಗಿ ಬ್ಯಾಳಿ ಆರಿಸ್ತಿದ್ದಳು.

ಎಂಟು ವರ್ಷದಾಗ, ಅಂದಳು,
ನನ್ನ ಕೈ ಬೇಕಂತ ಬರದ ಹಾಳಿ ಇದೊಂದೇ ನೋಡು.
ನೀ ಓದು. ನಾ ಹಚ್ತೀನಿ.

ಕಣ್ಣಿನ ಆಪರೇಶನ್ನಿಗೆ ಸೋಲಾಪುರದಾಗ ಕೊಟ್ಟಿದ್ದ
ಕರಿ ಚಷ್ಮಾ ಹಾಕ್ಕೊಂಡಳು, ಆಸಿಡ್ ಸಿಡಿದೀತಂತ.
ಓಣಿ ಹುಡುಗ್ರು ನಕ್ಕವು. ಅಕಿಗೂ ನಗು.

ಕೆಂಪು ಮೊದಲು, ಕೂಡಿಸೋ ಗುರ್ತಿಗೆ.
ಕರಿ ಆಮ್ಯಾಲ, ಕಳಿಯೋ ಗುರ್ತಿಗೆ.
ಸ್ವಿಚ್ಚು ಎಲ್ಲಾಕಿಂತ ಕಡೀಕ.
ಮತ್ತ ಬಿಚ್ಚೂವಾಗ?
ಮೊದಲ ಸ್ವಿಚ್ಚು ಆರಿಸೋದು, ಆಮ್ಯಾಲ ಕರಿ, ಕೆಂಪು ಕಡೀಕ.
ಹೂಂ, ಅಂದಳು, ಬಿಚ್ಚೂದು ಯಾವಾಗಲೂ ತಿರುವುಮುರುವು.

ರಾತ್ರಿ ನಿದ್ದಿ ಮಾಡ್ಲಿಲ್ಲ.
ಬ್ಯಾಟರಿ ಬದಿಗೆ ಅಂಗೈ ತಾಗಿಸಿ ತಾಗಿಸಿ ನೋಡಿದಳು,
ಕೂಸಿನ ಜ್ವರ ನೋಡಿದಂಗ:
ಬೆಚ್ಚಗದ, ಸುಡೂದಿಲ್ಲ.
ಎರಡಕ್ಕ ಕರೆಂಟ್ ಹೋತು.
ಸ್ವಿಚ್ಚು ಆರಿಸಿ, ಕಡ್ಡಿ ಗೀರದ,
ಕತ್ತಲಾಗ ಕೂತು ಕಾದಳು, ಅದು ಬರೋ ತನಕ.

ಮುಂಜಾನೆ ಒಂದೇ ಏಟಿಗೆ ಟಂಟಂ ಗುರ್ರ್ ಅಂತು.
ಧೂಳ್ಯಾ, ಸಾವಕಾಶ ಹೋಗಪಾ, ಅಂತ ಹಿಂದಿಂದ ಒದರಿದಳು.

ಇವತ್ತು ಸಂಜಿಗೆ ಎದುರು ಮನಿ ಹುಡುಗ
ಟ್ರ್ಯಾಕ್ಟರಿನ ಬ್ಯಾಟರಿ ಹೊತ್ಕೊಂಡು ಬಂದ.
ಆಯಿ ಅದಾಳೇನ್ರಿ? ನಮ್ಮವ್ವ ಕಳಿಸ್ಯಾಳ,
ನಮ್ಮನ್ಯಾಗ ಎಲ್ಲಾರ ಕೈಯಾಗೂ ಬಳಿ ಅವ.

ಬಾಯಾಗಿಂದ ಬೀಡಿ ಒಗಿ ಮೊದಲು,
ಒಳಗಿಂದ ದನಿ ಬಂತು.
ಗೂಟದ ಮ್ಯಾಲಿನ ಕರಿ ಚಷ್ಮಾ
ಆಗಲೇ ಅಲ್ಲಿರಲಿಲ್ಲ.