ಡೈರಿ ಸರ್ಕಲ್, ಎರಡು

ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯ ಮೇಲೆ
ಭಾನುವಾರ ಹತ್ತಕ್ಕೆ ನನ್ನ ಕ್ಲಾಸು.
ಐದು ಚಾಪೆ, ಮೂರು ದೊಡ್ಡ ಚೆಂಡು.
ಕೆಳಗೆ ರಾಗಿ ಬೀಸಿದರೆ
ಮೇಲೆ ನೆಲ ಬೆಚ್ಚಗಾಗಿ ನಡುಗುತ್ತದೆ.

ಡಾಕ್ಟರಲ್ಲ ನಾನು, ಸೂಲಗಿತ್ತಿಯೂ ಅಲ್ಲ.
ಕೋಚ್. "ಕ್ರಿಕೆಟ್ಟಿಗಾ?" ಅಂದಿದ್ದರು ನಮ್ಮತ್ತೆ.
ನೋವು ಬಂದಾಗ ಎಲ್ಲಿ ಉಸಿರು ಬಿಡಬೇಕು,
ಆಸ್ಪತ್ರೆಯ ಚೀಲದಲ್ಲಿ ಏನೇನಿರಬೇಕು,
ನರ್ಸಮ್ಮ ಗದರಿದರೂ ಪ್ರಶ್ನೆ ಹೇಗೆ ಕೇಳಬೇಕು,
ಇಷ್ಟು ಕಲಿಸುತ್ತೇನೆ.
ಮೂರು ಸಾವಿರ, ಕಂತಿನಲ್ಲೂ ಕೊಡಬಹುದು.

ಗಂಗಲಕ್ಷ್ಮಿ ಬಂದದ್ದು ಏಳನೇ ತಿಂಗಳಲ್ಲಿ.
ಬಿಎಂಟಿಸಿ ಕಂಡಕ್ಟರ್, ಈಗ ಡಿಪೋದಲ್ಲಿ ಲೈಟ್ ಡ್ಯೂಟಿ.
ಸೀಟಿ ಊದಿ ಊದಿ ಪಳಗಿದ ಎದೆ,
ಉಸಿರಿನಲ್ಲಿ ಅವಳೇ ಫಸ್ಟು.
ಎರಡನೇ ಬಸುರು ಅಂದಳು.
ಮೊದಲನೆಯದರ ಮಾತು ನಾನು ಕೇಳಲಿಲ್ಲ,
ಅವಳು ಎತ್ತಲಿಲ್ಲ.

ನಾಲ್ಕನೇ ಭಾನುವಾರ ಚಾಪೆ ಸುತ್ತುತ್ತ,
ದಿನದ ಕಲೆಕ್ಷನ್ ಒಪ್ಪಿಸುವ ದನಿಯಲ್ಲಿ:
"ಮೇಡಂ, ರಾತ್ರಿ ಮೂರಕ್ಕೆ ಎದ್ದು ಕೂರ್ತೀನಿ.
ಒದೆಯೋದು ಎಣಿಸ್ತೀನಿ. ಹತ್ತಾದ್ರೂ ನಂಬಿಕೆ ಬರಲ್ಲ,
ಮತ್ತೆ ಒಂದರಿಂದ.
ಹೆಸರು ಯೋಚಿಸಿದ್ರೆ ವಾಂತಿ ಬರುತ್ತೆ.
ಬಟ್ಟೆ ಒಣಗಿಸಕ್ಕೆ ಟೆರೇಸಿಗೆ ಹೋಗೋದು ಬಿಟ್ಟಿದೀನಿ,
ಯಾಕೆ ಅಂತ ಕೇಳ್ಬೇಡಿ.
ಇದಕ್ಕೆ ಯಾವ ಉಸಿರು?"

ಯಾಕೆಂದು ಕೇಳಿದೆ.
ಹೇಳಿದಳು.
ಕೆಳಗೆ ಗಿರಣಿ ನಿಂತಿತ್ತು.

ನನ್ನ ಬಾಯಲ್ಲಿ ಉತ್ತರವೊಂದು ತಯಾರೇ ಇತ್ತು,
ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ,
ಸರ್ಟಿಫಿಕೇಟಿನ ಸಿಹಿ ಉತ್ತರ.
ಒಪ್ಪಿಕೊಳ್ಳುತ್ತೇನೆ, ಅವಳನ್ನು ಉಳಿಸಿಕೊಳ್ಳುವ ಆಸೆಯೂ ಇತ್ತು,
ಎರಡನೇ ಕಂತು ಬಾಕಿ ಇತ್ತು.

"ನಂಗೆ ಬರಲ್ಲ ಇದು" ಅಂದೆ.
ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ
ಒಮ್ಮೆಯೂ ಆಡದ ಮಾತು.
"ಇದನ್ನೇ ಓದ್ಕೊಂಡೋರು ಇದಾರೆ. ನಾಳೇನೇ ಹೋಗಣ."
"ಎಲ್ಲಿಗೆ?"
ಹೇಳಿದೆ. ಸುತ್ತಿದ ಚಾಪೆಯನ್ನು ಬಿಚ್ಚಿ
ಮತ್ತೆ ಸುತ್ತತೊಡಗಿದಳು.

ಒಂಬತ್ತು ವರ್ಷ ಆ ಸ್ಟಾಪಿನ ಹೆಸರು ಕೂಗಿದವಳು:
"ಯಾರ್ರೀ ನಿಮ್ಹಾನ್ಸ್? ಬೇಗ ಬೇಗ!"
ಹಿಂದಿನ ಸೀಟಿನ ಹುಡುಗರು ಒಬ್ಬನನ್ನೊಬ್ಬ ತಳ್ಳಿ
"ನೀನೇ ಕಣೋ, ಇಳಿ" ಅನ್ನುವುದು,
ಬಸ್ಸಿಗೆ ಬಸ್ಸೇ ನಗುವುದು,
ಅವಳೂ.

ಸೋಮವಾರ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿದೆವು.
ಕಂಡಕ್ಟರ್ ಗುರುತಿನವಳೇ. "ಎಲ್ಲಿಗಕ್ಕಾ?"
ಗಂಗಲಕ್ಷ್ಮಿ ಕಿಟಕಿಯ ಕಡೆ ತಿರುಗಿ,
"ಡೈರಿ ಸರ್ಕಲ್, ಎರಡು."
ಹೆಂಗಸರಿಗೆ ಸೊನ್ನೆ ರೂಪಾಯಿ ಚೀಟಿ,
ಎಲ್ಲಿಗೆಂದರೂ ಅಷ್ಟೇ ದರ.

ಒಂದು ಸ್ಟಾಪ್ ಮೊದಲೇ ಇಳಿದೆವು.
ಕಾಲು ನೆಲಕ್ಕೆ ತಾಗಿದ್ದೇ, ಅಭ್ಯಾಸಬಲ,
ಅವಳೇ "ರೈಟ್ ರೈಟ್" ಅಂದುಬಿಟ್ಟಳು.

ಒಳಗೆ ನನ್ನನ್ನು ಕರೆಯಲಿಲ್ಲ, ಕರೆಯಬೇಕಾದ್ದೂ ಅಲ್ಲ.
ಅವಳ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೆ ಕೂತೆ,
ಮುಚ್ಚಿದ ಬಾಗಿಲ ಕಡೆ ಐವತ್ತು ನಿಮಿಷ.
ಮೊದಲ ಮಗುವಿಗೆ ಒಂದು ಹೆಸರಿತ್ತಂತೆ.
ಯಾವುದೆಂದು ನನಗಿನ್ನೂ ಗೊತ್ತಿಲ್ಲ.

ಭಾನುವಾರ ಗಿರಣಿಗೆ ಐದು ಕೇಜಿ ರಾಗಿ ಕೊಟ್ಟು
ನಿಧಾನ ಮೆಟ್ಟಿಲೇರಿ ಬಂದಳು, ಮೊಣಕೈಗೆಲ್ಲ ಹಿಟ್ಟು.
"ಆ ಕಡೆ ಬುಧವಾರ, ಈ ಕಡೆ ಭಾನುವಾರ.
ಎರಡು ರೂಟು ಮೇಡಂ ನಂಗೀಗ."
ಹಸಿರು ಚೆಂಡನ್ನು ಎಳೆದುಕೊಂಡು ಒತ್ತಿ ನೋಡಿದಳು.
"ಗಾಳಿ ಕಮ್ಮಿಯಾಗಿದೆ ಇದಕ್ಕೆ.
ಪಂಪ್ ಎಲ್ಲಿಟ್ಟಿದೀರ?"